ಸುಳ್ಳು ಹೇಳುವವರಿಂದ

ಅಪ್ಪ ಕುಡಿದಿದ್ದ, ಅದಕ್ಕೇ ಯಂತ್ರಕ್ಕೆ ಕೈ ಕೊಟ್ಟು ಸತ್ತ ಎಂದು ವಿಚಾರಣೆಗೆ ಬಂದ ಅಧಿಕಾರಿಯ ಮುಂದೆ ಹೇಳಿದವನು ಶೀಲಣ್ಣ.

ಲಾಂಡ್ರಿಯ ಧಣಿ ಹೇಳಿದ್ದರೆ ನನಗೆ ಇಷ್ಟು ಉರಿಯುತ್ತಿರಲಿಲ್ಲ. ಅವರು ಹೇಳುವುದೇ ಹಾಗೆ. ಗುಡಿಯ ಅರ್ಚಕರು ಹೇಳಿದ್ದರೂ ಸುಮ್ಮನಿರುತ್ತಿದ್ದೆ. ನಾವು ಕುಡಿದರೂ ಕುಡಿಯದಿದ್ದರೂ ಅವರ ಕಣ್ಣಿಗೆ ಒಂದೇ. ಹೇಳಿದವನು ಶೀಲಣ್ಣ. ಅಪ್ಪನ ಕುಡಿತ ಬಿಡಿಸಿದವನೇ ಅವನು.

ಅವನು ಎಂದು ಬರೆಯುತ್ತಿದ್ದೇನೆ. ಎದುರಿಗೆ ಯಾವತ್ತೂ ಹಾಗೆ ಕರೆದವಳಲ್ಲ. ಬನ್ನಿ, ಕೂತ್ಕೊಳ್ಳಿ ಎಂದೇ ಬೆಳೆದವಳು. ಈಗ ಬಹುವಚನ ಕೈಗೆ ಬರುತ್ತಿಲ್ಲ.

ನಾವು ಬಟ್ಟೆ ಒಗೆಯುವವರು. ಅಜ್ಜಿ ಕಲ್ಲಿನ ಮೇಲೆ ಒಗೆದಳು. ಅಪ್ಪ, ಅಮ್ಮ, ನಾನು ಲಾಂಡ್ರಿಯಲ್ಲಿ ಒಗೆದೆವು. ಆಸ್ಪತ್ರೆಯ ಹಾಸಿಗೆ ಬಟ್ಟೆ, ಹೋಟೆಲಿನ ಟವೆಲು, ಗುಡಿಯ ವಸ್ತ್ರ ಎಲ್ಲವೂ ಅಲ್ಲಿಗೇ ಬರುತ್ತವೆ. ಏಳನೇ ಕ್ಲಾಸು ಅರ್ಧಕ್ಕೆ ಬಿಟ್ಟು ನಾನು ಗಂಟು ಬಿಚ್ಚುವ ಕೆಲಸಕ್ಕೆ ಕೂತೆ. ಗಂಟು ಬಿಚ್ಚಿ ರಕ್ತದ್ದು ಒಂದು ಕಡೆ, ಹೇಲಿನದು ಒಂದು ಕಡೆ, ಬರೀ ಬೆವರಿನದು ಒಂದು ಕಡೆ ಹಾಕಬೇಕು. ಒಮ್ಮೊಮ್ಮೆ ಬಟ್ಟೆಯೊಳಗೆ ಸೂಜಿ ಇರುತ್ತದೆ. ಹಲ್ಲೂ ಸಿಕ್ಕಿದೆ. ಬ್ಲೀಚಿಂಗ್ ಪುಡಿಗೆ ನನ್ನ ಬೆರಳಿನ ತುದಿ ಸುಲಿದು ನುಣ್ಣಗಾಗಿದೆ. ಹೆಬ್ಬೆಟ್ಟು ಒತ್ತಿದರೆ ಗೆರೆ ಮೂಡುವುದಿಲ್ಲ.

ನಾನು ಮಾತಾಡುವುದು ಕಡಿಮೆ. ಶಾಲೆಯಲ್ಲೂ ಉತ್ತರ ಗೊತ್ತಿದ್ದರೆ ಸ್ಲೇಟಿನ ಮೇಲೆ ಬರೆದು ತೋರಿಸುತ್ತಿದ್ದೆ. ಇಸ್ತ್ರಿ ವಿಭಾಗದಲ್ಲಿರುವ ಅತ್ತೆ, ಅಂದರೆ ಅಪ್ಪನ ತಂಗಿ, ನನಗೆ ಮೂಗಿ ಎಂದು ಹೆಸರಿಟ್ಟಳು. ಅವಳು ಇಟ್ಟ ಹೆಸರು ಬಟ್ಟೆಯ ಮೇಲಿನ ಲಾಂಡ್ರಿ ಗುರುತಿನ ಹಾಗೆ. ಎಷ್ಟು ಒಗೆದರೂ ಹೋಗುವುದಿಲ್ಲ. "ಏ ಮೂಗಿ, ಊಟಕ್ಕೆ ಬಾರೇ. ಇಲ್ಲಾಂದ್ರೆ ಇಲ್ಲ ಅಂತಾದ್ರೂ ಹೇಳೇ!" ಎಂದು ಆ ತುದಿಯಿಂದ ಕೂಗುತ್ತಿದ್ದಳು. ಎಲ್ಲರೂ ನಗುತ್ತಿದ್ದರು. ನಾನೂ ನಗುತ್ತಿದ್ದೆ. ಅದು ಪ್ರೀತಿಯ ಹೆಸರು.

ಗುಡಿಯ ಬಟ್ಟೆಗೆ ಬೇರೆಯೇ ಮರ್ಯಾದೆ. ಹೊಸ ನೀರಿನಲ್ಲಿ ಅದೇ ಮೊದಲು. ಕುದಿಸಿ, ಒಗೆದು, ಒಣಗಿಸಿ, ಮಡಿಚಿ ಇಟ್ಟರೆ ಅರ್ಚಕರು ಲಾಂಡ್ರಿಯ ಬಾಗಿಲ ಹೊರಗೆ ನಿಂತು ತಂಬಿಗೆಯಿಂದ ನೀರು ಚಿಮುಕಿಸಿ ಆಮೇಲೆ ಮುಟ್ಟುತ್ತಿದ್ದರು. "ಬೆಳಗಿಂದ ಕುದಿಸಿದ್ದು ಸಾಕಾಗ್ಲಿಲ್ಲ ನೋಡು, ಆ ಮೂರು ಹನಿ ಬೇಕಾಯ್ತು" ಎನ್ನುತ್ತಿದ್ದಳು ಅತ್ತೆ. ನಾವು ಮಡಿ ಮಾಡಿದ ಬಟ್ಟೆ ನಮ್ಮ ಕೈಯಿಂದಲೇ ಮೈಲಿಗೆ. ಮಡಿಸಿದ ಕೈಗೆ ಮಡಿ ಇಲ್ಲ.

ನಾನು ಚಿಕ್ಕವಳಿದ್ದಾಗ ಗುಡಿಯ ಬಟ್ಟೆ ನಾವೇ ಮುಟ್ಟಿಸಬೇಕಿತ್ತು. ಒಂದು ದಿನ ಅಮ್ಮನ ಜೊತೆ ಗುಡಿಗೆ ಗಂಟು ಕೊಡಲು ಹೋಗಿದ್ದೆ. ಗಂಟು ಇಳಿಸುವಾಗ ನನ್ನ ಪಾದ ಹೊಸ್ತಿಲು ದಾಟಿತು. ಬೇಕೆಂದು ಅಲ್ಲ. ಗಂಟು ನನಗಿಂತ ದೊಡ್ಡದಿತ್ತು. ಅರ್ಚಕರು ಕೂಗಾಡಲಿಲ್ಲ. ತಣ್ಣಗೆ, "ಹೊಸ್ತಿಲು ತೊಳೀಬೇಕು. ನೀರು ತಗೊಂಡ್ಬಾ" ಎಂದರು. ಹೇಳಿದ್ದು ಅಮ್ಮನಿಗೆ. ಅಮ್ಮ ಬೀದಿಯ ನಲ್ಲಿಯಿಂದ ಬಕೆಟ್ ತುಂಬಿ ಹೊತ್ತು ತಂದಳು. ಮೆಟ್ಟಿಲ ಕೆಳಗೆ ಇಟ್ಟಳು. ಅಲ್ಲಿಂದ ಬೇರೆಯವರು ಎತ್ತಿಕೊಂಡು ಸುರಿದರು. ನನ್ನ ಪಾದದ ಗುರುತು ತೊಳೆಯಲು ನೀರು ಹೊತ್ತವಳು ನನ್ನಮ್ಮನೇ. ಸಾಲದೆ ಬಂದಾಗ ಮತ್ತೆ ಹೋಗಿ ತಂದಳು.

ಅವತ್ತು ಇನ್ನೊಂದು ಗಂಟು ಹೊತ್ತು ನಮ್ಮ ಹಿಂದೆ ನಿಂತಿದ್ದವನು ಶೀಲಣ್ಣ. ಅವನೂ ನಮ್ಮ ಜನ, ನಮ್ಮ ಬೀದಿ. ಆಗ ಅವನಿಗೆ ಆ ಹೆಸರಿರಲಿಲ್ಲ. ಅವನು ಗಂಟನ್ನು ಮಣ್ಣಿನ ಮೇಲೆ ಬಿಟ್ಟ. ನನ್ನನ್ನು ಎತ್ತಿ ಹೆಗಲ ಮೇಲೆ ಕೂರಿಸಿಕೊಂಡ. ಅಮ್ಮನಿಗೆ, "ಬಾ ತಂಗಿ, ಇನ್ನು ಇಲ್ಲಿಗೆ ಬರೋದು ಬೇಡ" ಎಂದ. ಆ ಹೆಗಲು ನನಗೆ ಇವತ್ತಿಗೂ ನೆನಪಿದೆ. ಸೋಪಿನ ವಾಸನೆ ಬರುತ್ತಿತ್ತು.

ಹಾಗೆ ಶುರುವಾದದ್ದು ನಮ್ಮ ಬುದ್ಧ ವಿಹಾರ. ಲಾಂಡ್ರಿಯ ಹಿಂದಿನ ಗೋದಾಮಿನ ಮೇಲಿನ ಕೋಣೆ. ಒಂದು ಬುದ್ಧನ ಮೂರ್ತಿ, ಚಾಪೆಗಳು, ಕಿಟಕಿಗೆ ನಾವೇ ಒಗೆದ ಪರದೆ. ಹೊಸ್ತಿಲನ್ನೇ ಕೀಳಿಸಿಬಿಟ್ಟಿದ್ದ ಶೀಲಣ್ಣ. "ದಾಟೋದಕ್ಕೇ ಏನೂ ಇರಬಾರದು" ಎಂದಿದ್ದ. ಎಲ್ಲಿಂದಲೋ ಓದಿಕೊಂಡು ಬಂದು ಭಾನುವಾರ ಬೆಳಿಗ್ಗೆ ನಮಗೆ ಹೇಳುತ್ತಿದ್ದ.

"ನೀರಿಂದ ಪಾಪ ಹೋಗೋ ಹಾಗಿದ್ರೆ ಲಾಂಡ್ರಿಯವರಷ್ಟು ಪುಣ್ಯವಂತರು ಯಾರಿದ್ದಾರೆ ಹೇಳಿ. ಬೆಳಗ್ಗಿಂದ ಸಂಜೆವರೆಗೆ ನೀರಲ್ಲೇ ನಿಂತಿರ್ತೀವಿ."

"ಪುಣ್ಯ ಬರ್ಲಿಲ್ಲ, ಕಾಲಿಗೆ ಕೆಸರುಹುಣ್ಣು ಬಂತು" ಎಂದಳು ಅತ್ತೆ.

"ಅದೇ ನಾನು ಹೇಳೋದು. ಅವರು ಕರ್ಮ ಅಂದ್ರೆ ಮಂತ್ರ, ಹೋಮ, ಸ್ನಾನ ಅಂದ್ರು. ಬುದ್ಧ ಅದೇ ಮಾತನ್ನ ತಗೊಂಡು ತಿರುಗಿಸಿಬಿಟ್ಟ. ಕರ್ಮ ಅಂದ್ರೆ ನೀನು ಬೇಕು ಅಂತ ಮಾಡಿದ ಕೆಲಸ. ಕೈ ತೊಳೆದಿದ್ದೀಯಾ ಅಂತ ಕೇಳಲ್ಲ ಅವನು. ಕೈಯಿಂದ ಏನು ಮಾಡಿದೆ ಅಂತ ಕೇಳ್ತಾನೆ. ಅದೇ ಶೀಲ."

"ಅಯ್ಯೋ, ಶೀಲ ಅಂದ್ರೆ ಹೆಂಗಸರಿಗೆ ಮಾತ್ರ ಅಂದ್ಕೊಂಡಿದ್ದೆ. ಗಂಡಸರಿಗೂ ಇದೆಯಂತೆ ಕಣ್ರೇ!" ಅತ್ತೆ ಹೀಗೆ ಅಂದಾಗ ಕೋಣೆಯೆಲ್ಲ ನಕ್ಕಿತು. ಅವನೂ ನಕ್ಕ. ಅವತ್ತಿನಿಂದ ಅವನು ಶೀಲಣ್ಣ.

ಕೈಯಿಂದ ಏನು ಮಾಡಿದೆ ಎಂದು ಕೇಳುವ ದೇವರು ನನಗೆ ಹಿಡಿಸಿದ. ಅವನು ದೇವರಲ್ಲ ಎಂದು ಶೀಲಣ್ಣ ತಿದ್ದುತ್ತಿದ್ದ. ಹಾಗಾದರೆ ಇನ್ನೂ ಒಳ್ಳೆಯದು ಎನ್ನಿಸಿತು.

ಭಾನುವಾರ ಶೀಲ ತೆಗೆದುಕೊಳ್ಳುವುದು ಎಂದರೆ ಐದು ಮಾತು. ಅವನು ಒಂದೊಂದಾಗಿ ಹೇಳುತ್ತಾನೆ, ಎಲ್ಲರೂ ಹಿಂದೆ ಹೇಳುತ್ತೇವೆ. ಜೀವ ತೆಗೆಯುವುದರಿಂದ ದೂರವಿರುತ್ತೇನೆ. ಕೊಡದೆ ಇದ್ದದ್ದನ್ನು ತೆಗೆದುಕೊಳ್ಳುವುದರಿಂದ ದೂರವಿರುತ್ತೇನೆ. ಕೆಟ್ಟ ನಡತೆಯಿಂದ ದೂರವಿರುತ್ತೇನೆ. ಸುಳ್ಳು ಹೇಳುವುದರಿಂದ ದೂರವಿರುತ್ತೇನೆ. ಕುಡಿಯುವುದರಿಂದ ದೂರವಿರುತ್ತೇನೆ.

ಅಪ್ಪನಿಗೆ ಓದು ಬರುತ್ತಿರಲಿಲ್ಲ. ಕಿವಿಗೆ ಬಿದ್ದಂತೆ ಹೇಳುತ್ತಿದ್ದ. ನಾಲ್ಕನೆಯದು ಬಂದಾಗ ಎಲ್ಲರಿಗಿಂತ ಜೋರಾಗಿ, "ಸುಳ್ಳು ಹೇಳುವವರಿಂದ ದೂರವಿರುತ್ತೇನೆ" ಎನ್ನುತ್ತಿದ್ದ.

ಶೀಲಣ್ಣ ನಿಲ್ಲಿಸುತ್ತಿದ್ದ. "ವವರಿಂದ ಅಲ್ಲ ಕಣೋ. ವುದರಿಂದ. ಹೇಳು-ವು-ದ-ರಿಂದ."

"ಅದನ್ನೇ ಅಂದೆನಲ್ಲಪ್ಪ."

"ನೀನಂದಿದ್ದು ಹೇಳುವವರಿಂದ. ಹಂಗಂದ್ರೆ ಸುಳ್ಳು ಹೇಳೋ ಜನರಿಂದ ದೂರ ಇರ್ತೀನಿ ಅಂತಾಗುತ್ತೆ."

"ಅದೂ ಒಳ್ಳೇದೇ ಅಲ್ವಾ?"

"ಹಂಗಾದ್ರೆ ಲಾಂಡ್ರಿಗೆ ಹೋಗೋದೇ ಬೇಡ, ಮನೇಲಿರು" ಎನ್ನುತ್ತಿದ್ದಳು ಅತ್ತೆ. ಐದನೆಯದರಲ್ಲೂ ಅಪ್ಪ "ಕುಡಿಯುವವರಿಂದ" ಎಂದೇ ಹೇಳಿದಾಗ, "ಅಣ್ಣ, ನಿನ್ನಿಂದ ನೀನೇ ಎಷ್ಟು ದೂರ ಓಡ್ತೀಯೋ?" ಎಂದು ಹೊಟ್ಟೆ ಹಿಡಿದುಕೊಂಡಳು.

ಅಪ್ಪ ಆಗ ಕುಡಿಯುತ್ತಿದ್ದ. ಅದೂ ನಿಜ. ಸಂಜೆ ಗೋಡೆ ಹಿಡಿದುಕೊಂಡು ಮನೆಗೆ ಬರುತ್ತಿದ್ದ. ಅವನು ಬಿಡುತ್ತೇನೆ ಎಂದಾಗ ಮೈ ನಡುಗಿ, ವಾಂತಿಯಾಗಿ, ಗೋಡೆಯ ಮೇಲೆ ಹುಳ ಹರಿಯುತ್ತಿದೆ ಎಂದು ಕಿರುಚುತ್ತಿದ್ದ. ಶೀಲಣ್ಣ ಕೆಲಸಕ್ಕೆ ರಜೆ ಹಾಕಿ ನಮ್ಮ ಮನೆಯಲ್ಲೇ ಕೂತ. ಅಪ್ಪನ ಎರಡೂ ಕೈ ಹಿಡಿದುಕೊಂಡು ಕೂತ. ಅಪ್ಪ ಬೈದ, ಉಗಿದ, ಒದ್ದ. ಇವನು ಬಿಡಲಿಲ್ಲ. "ನಿನ್ನ ಕೈ ನಾನು ಹಿಡ್ಕೊಂಡಿದ್ದೀನಿ ಕಣೋ, ಎಲ್ಲಿಗೆ ಹೋಗ್ತೀಯ" ಎನ್ನುತ್ತಿದ್ದ. ಆಮೇಲೆ ಅಪ್ಪ ಮುಟ್ಟಲಿಲ್ಲ. ಮದುವೆ ಮನೆಯಲ್ಲೂ ಇಲ್ಲ, ಸಾವಿನ ಮನೆಯಲ್ಲೂ ಇಲ್ಲ. ಈ ಲೋಕದಲ್ಲಿ ಅದು ಗಟ್ಟಿಯಾಗಿ ಗೊತ್ತಿದ್ದ ಹೊರಗಿನವನು ಒಬ್ಬನೇ. ಆ ಎರಡು ಕೈ ಹಿಡಿದುಕೊಂಡಿದ್ದವನು.

ಶೀಲಣ್ಣ ಸೂಪರ್‌ವೈಸರ್ ಆದ. ನಮ್ಮವನೊಬ್ಬ ಶರ್ಟಿನ ಜೇಬಿಗೆ ಪೆನ್ನು ಸಿಕ್ಕಿಸಿಕೊಂಡು ಓಡಾಡುವುದನ್ನು ನೋಡಿ ಅಪ್ಪನಿಗೆ ಹೆಮ್ಮೆ.

ಬಟ್ಟೆ ಹಿಂಡುವ ಯಂತ್ರಕ್ಕೆ ನಾವು ಬುಗುರಿ ಅನ್ನುತ್ತೇವೆ. ಒದ್ದೆ ಬಟ್ಟೆ ತುಂಬಿದರೆ ಗಿರಗಿರ ತಿರುಗಿ ನೀರೆಲ್ಲ ಹೊರಗೆ ಚೆಲ್ಲುತ್ತದೆ. ಅಪ್ಪನ ಕೆಲಸ ಅದರ ಮುಂದೆ. ಅದರ ಮುಚ್ಚಳಕ್ಕೆ ಒಂದು ಕೊಂಡಿ. ಮುಚ್ಚಳ ತೆಗೆದರೆ ಬುಗುರಿ ಉಸ್ ಎಂದು ನಿಲ್ಲಬೇಕು. ನಿಂತ ಮೇಲೆ ಕೈ ಹಾಕಬೇಕು. ಕೊಂಡಿ ಕೆಟ್ಟಿತು. ಮುಚ್ಚಳ ಹಾಕಿದ್ದರೂ ಯಂತ್ರ ನಡುನಡುವೆ ನಿಂತುಬಿಡುತ್ತಿತ್ತು. ಬಟ್ಟೆ ತಡವಾಯಿತು. ಧಣಿ ಕೂಗಾಡಿದರು. ಶೀಲಣ್ಣ ಒಂದು ತಂತಿ ತಂದು ಕೊಂಡಿಗೆ ಸುತ್ತಿ ಬಿಗಿದ. ಇನ್ನು ಮುಚ್ಚಳ ತೆಗೆದರೂ ಅದು ನಿಲ್ಲುವುದಿಲ್ಲ. ಅವನು ಕಟ್ಟುವಾಗ ನಾನು ಗಂಟಿನ ರಾಶಿಯ ಪಕ್ಕದಲ್ಲೇ ಇದ್ದೆ. ಹಲ್ಲಿನಿಂದ ತಂತಿ ಕಚ್ಚಿ ಎಳೆದ.

"ಇದು ನಿಲ್ಲಲ್ವಲ್ಲಣ್ಣ" ಎಂದ ಅಪ್ಪ.

"ಹೊಸ ಕೊಂಡಿ ಬರೋವರೆಗೂ ಓಡ್ಸು. ನೋಡ್ಕೊಂಡು ಕೈ ಹಾಕು."

"ಭಯ ಆಗುತ್ತೆ."

"ನಾನಿದ್ದೀನಲ್ಲೋ."

ಹೊಸ ಕೊಂಡಿ ಬರಲಿಲ್ಲ. ಬುಗುರಿ ಬೆಳಗಿನಿಂದ ಸಂಜೆಯವರೆಗೂ ಒಂದೇ ಸಮನೆ ಗೋಳಿಡುತ್ತಿತ್ತು. ನಡುವೆ ಬರುತ್ತಿದ್ದ ಆ ಉಸ್ ಇಲ್ಲವಾಯಿತು.

ಅವತ್ತು ಆಸ್ಪತ್ರೆಯ ಬೆಡ್‌ಶೀಟು. ಮಧ್ಯಾಹ್ನದ ಊಟದ ಹೊತ್ತು ಹತ್ತಿರವಾಗಿತ್ತು. ಶೀಟಿನ ತುದಿ ಅಪ್ಪನ ಮಣಿಕಟ್ಟಿಗೆ ಸುತ್ತಿಕೊಂಡಿತು. ಅವನು ಕೂಗಿದ್ದು ನನಗೆ ಕೇಳಲಿಲ್ಲ. ಆ ಸದ್ದಿನಲ್ಲಿ ಕೂಗು ಕೇಳುವುದಿಲ್ಲ. ನಾನು ಕಂಡದ್ದು ಅವನ ಕಾಲು. ನೆಲ ಬಿಟ್ಟಿತ್ತು. ಓಡಿಹೋಗಿ ಗೋಡೆಯ ಸ್ವಿಚ್ಚು ಆರಿಸಿದವಳು ನಾನೇ. ಆರಿಸಿದ ಮೇಲೂ ಅದು ತಿರುಗುತ್ತಲೇ ಇತ್ತು.

ಕೈ ಹೆಗಲಿನಿಂದ ಕಿತ್ತು ಬಂದಿತ್ತು. ಆಸ್ಪತ್ರೆ ಸೇರುವಷ್ಟರಲ್ಲಿ ಅಪ್ಪ ಇರಲಿಲ್ಲ. ಅಲ್ಲಿಯವರು ಅವನ ಮೇಲೆ ಒಂದು ಶೀಟು ಹೊದಿಸಿ ನಮ್ಮನ್ನು ಕರೆದರು. ಮೂಲೆಯಲ್ಲಿ ನಮ್ಮ ಲಾಂಡ್ರಿಯ ಗುರುತು. ಕೆಂಪು ದಾರ. ಯಾವಾಗಲೋ ನಾನು ಬಿಚ್ಚಿದ್ದು, ಅಪ್ಪ ಹಿಂಡಿದ್ದು, ಅತ್ತೆ ಇಸ್ತ್ರಿ ಹಾಕಿದ್ದು. ನೋಡುನೋಡುತ್ತಾ ಹೆಗಲಿನ ಜಾಗದಲ್ಲಿ ಅದು ಮತ್ತೆ ರಕ್ತದ ರಾಶಿಗೆ ಸೇರುವ ಬಟ್ಟೆಯಾಯಿತು.

ವಿಚಾರಣೆ ಧಣಿಯ ಕೋಣೆಯಲ್ಲಿ ನಡೆಯಿತು. ಅಷ್ಟರಲ್ಲಿ ತಂತಿ ಬಿಚ್ಚಿದ್ದರು. ನನ್ನನ್ನು ಟೀ ತರಲು ಕಳಿಸಿದ್ದರು. ತಟ್ಟೆ ಹಿಡಿದು ಒಳಗೆ ಹೋದಾಗ ಶೀಲಣ್ಣ ಹೇಳುತ್ತಿದ್ದ.

"ಕುಡಿಯೋ ಚಟ ಇತ್ತು ಸಾರ್. ಬೀದಿಯಲ್ಲಿ ಯಾರನ್ನ ಬೇಕಾದ್ರೂ ಕೇಳಿ. ಅವತ್ತೂ ಸ್ವಲ್ಪ ಹಾಕ್ಕೊಂಡೇ ಬಂದಿದ್ದ. ನಾನೇ ಬೈದಿದ್ದೆ."

ಅಧಿಕಾರಿ ತಲೆಯಾಡಿಸಿದರು. ನನ್ನ ಕೈಯ ಲೋಟಗಳು ಒಂದಕ್ಕೊಂದು ತಾಗಿ ಸದ್ದು ಮಾಡಿದವು. ಅವರು ನನ್ನ ಕಡೆ ತಿರುಗಿ, "ಯಾರಮ್ಮ ನೀನು?" ಎಂದರು.

ನಾನು ಬಾಯಿ ತೆರೆದೆ. "ತಂತಿ" ಎನ್ನಬೇಕಿತ್ತು. "ತಂ" ಎಂದಷ್ಟೇ ಬಂತು. ಮಿಕ್ಕದ್ದು ಬರುತ್ತಿತ್ತು. ಒಂದು ಉಸಿರಿನಷ್ಟು ಹೊತ್ತು ಬೇಕಿತ್ತು ಅಷ್ಟೆ.

ಶೀಲಣ್ಣ ಎದ್ದು ಬಂದು ನನ್ನ ತಲೆ ಸವರಿದ. "ಅವನ ಮಗಳು ಸಾರ್. ಮೂಗಿ. ಪಾಪ."

"ಹುಟ್ಟಿನಿಂದಲಾ?"

"ಹೌದು ಸಾರ್."

ಅತ್ತೆ ಊಟಕ್ಕೆ ಕರೆಯುತ್ತಿದ್ದ ಹೆಸರು. ಆ ಹೆಸರನ್ನೇ ಅವನು ನನ್ನ ಬಾಯಿಗೆ ತುರುಕಿದ. ಅಧಿಕಾರಿ ನನ್ನನ್ನು ಕನಿಕರದಿಂದ ನೋಡಿ ಟೀ ತೆಗೆದುಕೊಂಡರು. ಸಕ್ಕರೆ ಕಡಿಮೆ ಎಂದರು.

ವಿಚಾರಣೆ ಮುಗಿದ ಮರುದಿನ ತಂತಿ ವಾಪಸು ಬಂತು. ಬುಗುರಿಯ ಮುಂದೆ ಅಮ್ಮನನ್ನು ನಿಲ್ಲಿಸಿದರು. "ಗಂಡನ ಜಾಗ ಹೆಂಡತಿಗೇ ಕೊಟ್ಟಿದ್ದೀವಿ, ನಮ್ಮಲ್ಲಿ ಮನುಷ್ಯತ್ವ ಇದೆ" ಎಂದರು ಧಣಿ. ಅಮ್ಮ ಕೈ ಮುಗಿದಳು. ಅವಳಿಗೆ ಮತ್ತೇನು ಮಾಡಬೇಕೆಂದು ಗೊತ್ತಾಗಲಿಲ್ಲ. ನಾನು ಗಂಟು ಬಿಚ್ಚುತ್ತಾ ಅವಳ ಕೈಯನ್ನೇ ನೋಡುತ್ತಿದ್ದೆ. ಪ್ರತಿ ಸಲ ಮುಚ್ಚಳ ಎತ್ತಿದಾಗಲೂ ಅವಳು ಕಣ್ಣು ಮುಚ್ಚಿಕೊಂಡು ಕೈ ಹಾಕುತ್ತಿದ್ದಳು. ನೋಡಿ ಹಾಕಬೇಕಾದ ಕಡೆ ಕಣ್ಣು ಮುಚ್ಚುತ್ತಿದ್ದಳು.

ಗುಡಿಯ ಬಟ್ಟೆ ಒಯ್ಯಲು ಬಂದ ಅರ್ಚಕರು ಬಾಗಿಲ ಹೊರಗಿನಿಂದಲೇ ಅಮ್ಮನಿಗೆ ಹೇಳಿದರು: "ದೇವರನ್ನ ಬಿಟ್ಟು ಹೋದ್ರಿ. ನೋಡು, ಏನಾಯ್ತು. ಈಗಲೂ ಒಂದು ಶಾಂತಿ ಮಾಡಿಸು. ಹೊರಗಡೆಯೇ ಮಾಡೋಣ. ಎಲ್ಲ ತೊಳೆದುಹೋಗುತ್ತೆ."

ಅದೇ ಸಂಜೆ ಶೀಲಣ್ಣ ಮನೆಗೆ ಬಂದ. ಚಾಪೆಯ ಮೇಲೆ ಕೂತು, ಅಪ್ಪ ಕೈ ಕಾಲು ಬಡಿದಿದ್ದ ಅದೇ ಮೂಲೆಯನ್ನು ನೋಡುತ್ತಾ ಹೇಳಿದ: "ಏನು ಮಾಡೋದು ತಂಗಿ, ಅವನ ಕರ್ಮ. ಭಾನುವಾರ ವಿಹಾರದಲ್ಲಿ ಅವನ ಹೆಸರಲ್ಲಿ ಸಭೆ ಇಟ್ಕೊಳ್ಳೋಣ. ಎಲ್ಲರೂ ಸೇರಿ ಶೀಲ ತಗೊಂಡು ಪುಣ್ಯ ಅವನಿಗೆ ಕೊಡೋಣ. ಅವನ ತಪ್ಪೆಲ್ಲ ತೊಳೆದುಹೋಗುತ್ತೆ."

ಅವನ ಕರ್ಮ. ಕರ್ಮ ಎಂದರೆ ಬೇಕೆಂದು ಮಾಡಿದ ಕೆಲಸ ಎಂದು ಕಲಿಸಿದವನೇ ಅವನು. ತಂತಿ ಸುತ್ತಿದ್ದು ಯಾರ ಕೆಲಸ?

"ಆಗ್ಲಿ ಅಣ್ಣ" ಎಂದಳು ಅಮ್ಮ. ಅವನು ಹೋದ ಮೇಲೆ ನಾನು ಅವಳನ್ನು ನೋಡಿದೆ. "ಹಾಗೆ ನೋಡ್ಬೇಡ ಕಣೇ. ಏನಾದ್ರೂ ಒಂದು ಮಾಡ್ಬೇಕಲ್ಲ ಅವರಿಗೆ. ನಾಯಿ ಸತ್ತ ಹಾಗೆ ಬಿಡೋಕಾಗುತ್ತಾ?"

ಬೀದಿಯಲ್ಲಿ ಆಗಲೇ ಮಾತು ಹರಡಿತ್ತು. ನಲ್ಲಿಯ ಹತ್ತಿರ ಹೆಂಗಸರು, "ಬಿಟ್ಟಿದ್ದೀನಿ ಅಂತಿದ್ದ, ಕದ್ದು ಕುಡೀತಿದ್ದ ಅಂತೆ" ಎನ್ನುತ್ತಿದ್ದರು. ಅಪ್ಪ ಬದುಕಿನಲ್ಲಿ ಕಷ್ಟಪಟ್ಟು ಗಳಿಸಿದ್ದು ಅದೊಂದೇ. ಅದನ್ನೂ ತೆಗೆದುಕೊಂಡರು. ಕೊಡದೆ ಇದ್ದದ್ದನ್ನು ತೆಗೆದುಕೊಂಡರು.

ನಾನು ವಿಹಾರಕ್ಕೆ ಹೋದೆ. ಶೀಲಣ್ಣ ಒಬ್ಬನೇ ಚಾಪೆ ಗುಡಿಸುತ್ತಿದ್ದ. ನನ್ನನ್ನು ನೋಡಿ ಪೊರಕೆ ಕೆಳಗಿಟ್ಟ.

"ಕೂತ್ಕೋ ಮಗಳೇ."

"ಅಪ್ಪ ಕುಡಿದಿರ್ಲಿಲ್ಲ."

"ಗೊತ್ತು" ಎಂದ.

ಇಲ್ಲ ಎನ್ನುತ್ತಾನೆ, ಜಗಳವಾಡುತ್ತಾನೆ ಎಂದುಕೊಂಡಿದ್ದೆ. ಅವನು ಗೊತ್ತು ಎಂದ. ಸೋಪು ಮುಗಿದಿದೆ ಎಂದರೆ ಗೊತ್ತು ಅನ್ನುವುದಿಲ್ಲವೇ, ಹಾಗೆ.

"ಗೊತ್ತಿದ್ದೂ ಯಾಕೆ ಹೇಳಿದ್ರಿ?"

"ತಂತಿ ಅಂದಿದ್ರೆ ಧಣಿ ನನ್ನ ಕಡೆ ಕೈ ತೋರಿಸ್ತಿದ್ರು. ಕಟ್ಟಿದ್ದು ನಾನೇ ಅಲ್ವಾ. ಆಮೇಲೆ ಈ ಕೋಣೆ ಯಾರದು? ಅವರದು. ನಾಳೆ ಬೀಗ ಹಾಕಿದ್ರೆ ನಮ್ಮ ಜನ ಎಲ್ಲಿಗೆ ಹೋಗ್ತಾರೆ? ಮತ್ತೆ ಆ ಹೊಸ್ತಿಲ ಕೆಳಗೆ ನಿಲ್ಲೋಕಾ? ಹೋದವನು ಹೋದ. ಇರೋರನ್ನ ನೋಡ್ಬೇಕು."

"ಅಮ್ಮ ಇದ್ದಾಳೆ. ಬುಗುರಿ ಮುಂದೆ ಇದ್ದಾಳೆ."

ಅವನು ಪೊರಕೆ ನೋಡಿದ.

"ತಂತಿ ಬಿಚ್ಚಿಸಿ. ಅಪ್ಪ ಕುಡಿದಿರ್ಲಿಲ್ಲ ಅಂತ ಒಂದು ಮಾತು ಹೇಳಿ. ಭಾನುವಾರ ಎಲ್ಲರ ಮುಂದೆ ಹೇಳಿ. ಸಭೆ ಗಿಭೆ ಏನೂ ಬೇಡ ನಮಗೆ. ಅದೊಂದು ಮಾತು ಸಾಕು."

"ಅದೊಂದು ಬಿಟ್ಟು ಬೇರೇನಾದ್ರೂ ಕೇಳು."

"ಸುಳ್ಳು ಹೇಳುವುದರಿಂದ ದೂರವಿರುತ್ತೇನೆ ಅಂತ ನೀವೇ ಹೇಳ್ಕೊಟ್ಟಿದ್ರಿ."

ಅವನು ನಿಟ್ಟುಸಿರು ಬಿಟ್ಟ. ಚಿಕ್ಕ ಮಕ್ಕಳಿಗೆ ಹೇಳುವ ಹಾಗೆ ಹೇಳಿದ: "ಅದಕ್ಕೇ ಅಲ್ವೇನಮ್ಮ ವಾರ ವಾರ ಶೀಲ ತಗೊಳ್ಳೋದು? ಮನುಷ್ಯ ಜಾರ್ತಾನೆ. ಮತ್ತೆ ತಗೋತಾನೆ. ಭಾನುವಾರ ನಾನೂ ತಗೋತೀನಿ. ಮನಸ್ಸು ಶುದ್ಧವಾಗುತ್ತೆ."

ನನಗೆ ಅರ್ಚಕರ ತಂಬಿಗೆ ಕಂಡಿತು. ಅವರದು ನೀರು, ಇವನದು ಮಾತು. ಚಿಮುಕಿಸುವ ಕೈ ಒಂದೇ.

ಲಾಂಡ್ರಿಗೆ ಸೇರಿದ ಮೊದಲ ದಿನ ಅತ್ತೆ ಹೇಳಿಕೊಟ್ಟಿದ್ದಳು. ಕಲೆ ಇರುವ ಬಟ್ಟೆಗೆ ಇಸ್ತ್ರಿ ಹಾಕಬಾರದು. ಹಾಕಿದರೆ ಸುಕ್ಕು ಹೋಗುತ್ತದೆ, ಕಲೆ ಬೆಂದು ನೂಲಿಗೆ ಅಂಟಿಕೊಳ್ಳುತ್ತದೆ. ಆಮೇಲೆ ಯಾರ ಕೈಯಲ್ಲೂ ಹೋಗುವುದಿಲ್ಲ. ಇವನು ವಾರ ವಾರ ಇಸ್ತ್ರಿ ಹಾಕಿಕೊಳ್ಳುತ್ತಿದ್ದ.

ಶನಿವಾರ ಸಂಜೆ ಯಂತ್ರಗಳು ನಿಂತು ಎಲ್ಲರೂ ಕೈ ತೊಳೆಯಲು ಹೋದಾಗ ನಾನು ಬುಗುರಿಯ ಹತ್ತಿರ ಹೋಗಿ ತಂತಿ ಬಿಚ್ಚಿದೆ. ಬೆರಳು ಕುಯ್ದುಹೋಯಿತು. ಸುತ್ತಿ ಸೆರಗಿನಲ್ಲಿ ಕಟ್ಟಿಕೊಂಡೆ.

ಭಾನುವಾರ ಲಾಂಡ್ರಿಯವರೆಲ್ಲ ಬಂದಿದ್ದರು. ಬುದ್ಧನ ಪಕ್ಕ ಅಪ್ಪನ ಫೋಟೋ ಇಟ್ಟಿದ್ದರು. ಹಳೆಯದು. ಕುಡಿಯುತ್ತಿದ್ದ ಕಾಲದ್ದು. ಕಣ್ಣು ಕೆಂಪಗಿತ್ತು. ಬೇರೆ ಫೋಟೋ ಇರಲಿಲ್ಲ. ಹೂವು, ದೀಪ ಎಲ್ಲ ಅಚ್ಚುಕಟ್ಟು. ಅಮ್ಮ ಮುಂದಿನ ಚಾಪೆಯಲ್ಲಿ ಕೂತಳು. ನಾನು ಅವಳ ಪಕ್ಕ. ಅತ್ತೆ ನಮ್ಮ ಹಿಂದೆ.

ಶೀಲಣ್ಣ ಬಿಳಿ ಬಟ್ಟೆ ಹಾಕಿಕೊಂಡು ಬಂದ. ನಾವೇ ಒಗೆದದ್ದು. ಕಣ್ಣು ಮುಚ್ಚಿ ಶುರು ಮಾಡಿದ. ಒಂದನೆಯದು. ಎಲ್ಲರೂ ಹಿಂದೆ ಹೇಳಿದರು. ಎರಡನೆಯದು. ಮೂರನೆಯದು. ಅಮ್ಮನ ತುಟಿಯೂ ಅಲುಗುತ್ತಿತ್ತು.

"ಸುಳ್ಳು ಹೇಳುವುದರಿಂದ ದೂರವಿರುತ್ತೇನೆ" ಎಂದ.

ಅವನ ದನಿ ತಡವರಿಸಲಿಲ್ಲ. ಅದನ್ನೇ ನಾನು ಕಾಯುತ್ತಿದ್ದೆ. ಒಂದು ಚೂರು ತಡವರಿಸಿದ್ದರೂ ಸುಮ್ಮನೆ ಕೂತುಬಿಡುತ್ತಿದ್ದೆನೋ ಏನೋ.

ನಾನು ಎದ್ದೆ. ಸೆರಗು ಬಿಚ್ಚಿ ತಂತಿಯನ್ನು ಹೂವಿನ ಮಧ್ಯೆ ಇಟ್ಟೆ.

"ಇದನ್ನ ಬುಗುರಿಗೆ ಕಟ್ಟಿದ್ದು ಯಾರು?"

ಹಿಂದಿನಿಂದ ಯಾರೋ, "ಅಯ್ಯೋ, ಮೂಗಿ ಮಾತಾಡ್ತಿದ್ದಾಳೆ" ಎಂದರು. ಯಾರೂ ನಗಲಿಲ್ಲ.

ಶೀಲಣ್ಣ ಕಣ್ಣು ಬಿಟ್ಟ. ತಂತಿ ನೋಡಿದ. ಅವನ ಹಲ್ಲಿನ ಗುರುತು ಅದರಲ್ಲಿ ಇನ್ನೂ ಇದ್ದಿರಬೇಕು. "ಕೂತ್ಕೋ ಮಗಳೇ" ಎಂದ ಮೆಲ್ಲಗೆ. "ಶೀಲ ತಗೊಳ್ಳೋವಾಗ ಮಧ್ಯೆ ನಿಲ್ಲಿಸಬಾರದು."

"ಕಟ್ಟಿದ್ದು ಯಾರು?"

"ಆಮೇಲೆ ಮಾತಾಡೋಣ. ಮೊದಲು ಇದು ಮುಗೀಲಿ."

ಅವನು ಮತ್ತೆ ಕಣ್ಣು ಮುಚ್ಚಿದ. ಕೈ ಜೋಡಿಸಿದ. ಅಪ್ಪನ ಫೋಟೋದ ಮುಂದೆ, ನನ್ನ ಮುಂದೆ, ಅಮ್ಮನ ಮುಂದೆ ಐದನೆಯ ಮಾತು ಹೇಳಿದ.

"ಕುಡಿಯುವುದರಿಂದ ದೂರವಿರುತ್ತೇನೆ."

ಆಮೇಲೆ ಒಬ್ಬರು ಹೇಳಿದರು. ಇನ್ನೊಬ್ಬರು ಹೇಳಿದರು. ತಲೆ ತಗ್ಗಿಸಿಕೊಂಡು ಎಲ್ಲರೂ ಹೇಳಿದರು. ಅಪ್ಪನ ಜೊತೆ ಊಟದ ಡಬ್ಬಿ ಹಂಚಿಕೊಂಡವರು ಹೇಳಿದರು. ತಂತಿ ಕಟ್ಟಿದ್ದನ್ನು ಕಣ್ಣಾರೆ ಕಂಡವರು ಹೇಳಿದರು.

ಅಮ್ಮ ಹೇಳಲಿಲ್ಲ. ಅವಳು ಎದ್ದು ನಿಂತಳು. ಅವಳ ದನಿ ಅಷ್ಟು ಒಣಗಿದ್ದನ್ನು ನಾನು ಕೇಳಿರಲಿಲ್ಲ.

"ಅಣ್ಣ, ಅವರು ಈ ಮಾತು ಉಳಿಸ್ಕೊಂಡು ಸತ್ರು. ನಿಮಗೆ ಗೊತ್ತು. ಕೈ ಹಿಡ್ಕೊಂಡಿದ್ದೋರು ನೀವು. ಆ ಕೈಯನ್ನೇ ಬುಗುರಿಗೆ ಕೊಟ್ಬಿಟ್ರಲ್ಲ."

ಅವನು ಕಣ್ಣು ತೆರೆಯಲಿಲ್ಲ. ರೆಪ್ಪೆ ಅದುರುತ್ತಿತ್ತು. ತೆರೆಯಲಿಲ್ಲ.

ನಾನು ಅಪ್ಪನ ಫೋಟೋ ಎತ್ತಿಕೊಂಡೆ. ಜನರ ಕಡೆ ತಿರುಗಿದೆ. ಜೋರಾಗಿ, ಅಪ್ಪ ಹೇಳುತ್ತಿದ್ದಷ್ಟೇ ಜೋರಾಗಿ ಹೇಳಿದೆ.

"ಸುಳ್ಳು ಹೇಳುವವರಿಂದ ದೂರವಿರುತ್ತೇನೆ."

ಒಬ್ಬರು ಹೇಳಿದ್ದನ್ನು ಹಿಂದೆ ಹೇಳುವುದು ಆ ಕೋಣೆಯ ಅಭ್ಯಾಸ. ಸುಮಾರು ಜನರ ಬಾಯಿ ತಾನಾಗಿ ತೆರೆಯಿತು. "ಸುಳ್ಳು ಹೇಳುವವರಿಂದ..." ಎಂದವರು ಅಲ್ಲಿಗೆ ನಿಂತರು. ಏನು ಹೇಳುತ್ತಿದ್ದೇವೆ ಎಂದು ಆಗ ಗೊತ್ತಾಯಿತು. ಮಾತು ಅರ್ಧಕ್ಕೆ ನಿಂತು, ಎಲ್ಲರೂ ತಮ್ಮ ತಮ್ಮ ಮಡಿಲು ನೋಡಿಕೊಂಡರು. ತಪ್ಪಾಯಿತು, ವವರಿಂದ ಅಲ್ಲ ವುದರಿಂದ ಎಂದು ತಿದ್ದಲು ಶೀಲಣ್ಣನಿಗೆ ಬಾಯಿ ಬರಲಿಲ್ಲ.

ನಾನೂ ಅಮ್ಮನೂ ಹೊರಟೆವು. ಅತ್ತೆ ಅರ್ಧ ಎದ್ದಳು. ನನ್ನ ಮುಖ ನೋಡಿದಳು. ಮತ್ತೆ ಕೂತಳು. ಮೆಟ್ಟಿಲು ಇಳಿಯುವಾಗ ಹಿಂದೆ ಹೆಜ್ಜೆಯ ಸದ್ದು ಬರುತ್ತದೇನೋ ಎಂದು ಕಿವಿಗೊಟ್ಟೆ. ಬರಲಿಲ್ಲ. ಹೊಸ್ತಿಲಿಲ್ಲದ ಬಾಗಿಲು ಅದು. ದಾಟುವುದಕ್ಕೆ ಏನೂ ಇರಲಿಲ್ಲ. ಆದರೂ ಯಾರೂ ದಾಟಲಿಲ್ಲ.

ಸೋಮವಾರ ಗೇಟಿನಲ್ಲೇ ನಮ್ಮನ್ನು ತಡೆದರು. ಕಾವಲಿನವನು ನಮ್ಮ ಮುಖ ನೋಡದೆ, "ಒಳಗೆ ಬಿಡ್ಬೇಡ ಅಂದಿದ್ದಾರಕ್ಕ" ಎಂದ. ಕೆಲಸದವರು ಒಬ್ಬೊಬ್ಬರಾಗಿ ನಮ್ಮನ್ನು ಬಳಸಿಕೊಂಡು ಒಳಗೆ ಹೋದರು. ಅತ್ತೆಯೂ ಹೋದಳು. ಅವಳ ಊಟದ ಡಬ್ಬಿ ನನ್ನ ಮೊಣಕೈಗೆ ತಾಗಿತು. ಅವಳು ನಿಲ್ಲಲಿಲ್ಲ. ಜೋಕು ಮಾಡಲಿಲ್ಲ. ಮೂಗಿ ಎನ್ನಲಿಲ್ಲ.

ಶೀಲಣ್ಣ ಕೊನೆಗೆ ಬಂದ. ಜೇಬಿನಲ್ಲಿ ಪೆನ್ನು. ನಮಸ್ಕಾರ ಮಾಡುವವನ ಹಾಗೆ ಕೈ ಎತ್ತಿ, ಅರ್ಧಕ್ಕೆ ಇಳಿಸಿ ಒಳಗೆ ಹೋದ.

ಅಮ್ಮ ಮನೆಗೆ ಹೋಗೋಣ ಎನ್ನಲಿಲ್ಲ. ಲಾಂಡ್ರಿಯ ಗೋಡೆ ಹಿಡಿದುಕೊಂಡು ಹಿಂದಿನ ಓಣಿಗೆ ನಡೆದಳು. ಅಲ್ಲಿ ಚರಂಡಿಯ ಮೇಲೆ ಒಂದು ಕಿಟಕಿ. ಬುಗುರಿ ಅದರ ಒಳಗಡೆಯೇ. ಬಿಸಿ ಗಾಳಿ, ಸೋಪಿನ ನೊರೆ, ಗಲಾಟೆ ಎಲ್ಲ ಆ ಕಿಟಕಿಯಿಂದ ಬರುತ್ತದೆ. ಒಳಗೆ ಕಾಣುವುದಿಲ್ಲ.

ಯಂತ್ರಗಳು ಶುರುವಾದವು. ಬುಗುರಿಯೂ ಶುರುವಾಯಿತು. ಅಮ್ಮ ನನ್ನ ಮುಂಗೈ ಹಿಡಿದುಕೊಂಡಳು. ನಾನು ಒಂದು ತಂತಿ ಬಿಚ್ಚಿದ್ದೆ ಅಷ್ಟೆ. ಲಾಂಡ್ರಿಯಲ್ಲಿ ತಂತಿಗೇನು ಬರ? ಇನ್ನೊಂದು ಕಟ್ಟಿರುತ್ತಾರೆ ಎಂದುಕೊಂಡೆ. ಇನ್ನೊಬ್ಬರು ಅದರ ಮುಂದೆ ಕಣ್ಣು ಮುಚ್ಚಿಕೊಂಡು ನಿಂತಿರುತ್ತಾರೆ.

ಗೋಳಾಟ ಏರಿತು. ಒಂದೇ ಸಮನೆ ಏರುತ್ತಾ ಹೋಯಿತು. ಆಮೇಲೆ, ಎಷ್ಟೋ ದಿನದಿಂದ ಕೇಳದೆ ಇದ್ದದ್ದು ಕೇಳಿಸಿತು.

ಉಸ್.

ಒಳಗೆ ಯಾರೋ ಮುಚ್ಚಳ ತೆಗೆದಿದ್ದರು. ಬುಗುರಿ ನಿಂತಿತು. ಧಣಿಯ ಕೂಗು ಕೇಳಿಸಿತು. ಶೀಲಣ್ಣ ಏನೋ ಹೇಳಿದ್ದು ಕೇಳಿಸಿತು. ಅವನಿಗೆ ಯಾರೋ ಉತ್ತರ ಕೊಟ್ಟರು. ಹೆಣ್ಣು ದನಿ. ಯಾರದೆಂದು ಗೊತ್ತಾಗಲಿಲ್ಲ. ಮಾತೂ ಗೊತ್ತಾಗಲಿಲ್ಲ. ಮುಚ್ಚಳ ಬಿತ್ತು. ಮತ್ತೆ ಶುರುವಾಯಿತು.

"ನಿಲ್ತಾ ಇದೆ ಕಣೇ" ಎಂದಳು ಅಮ್ಮ.

ನಾವು ಓಣಿಯಲ್ಲೇ ನಿಂತಿದ್ದೆವು. ಊಟದ ಗಂಟೆ ಹೊಡೆಯಿತು. ಯಾರೂ ಹೊರಗೆ ಬಂದು ನಮ್ಮನ್ನು ಮಾತಾಡಿಸಲಿಲ್ಲ.